ಹೂವು ನೋಡುವ ಪಂಚಾಂಗ

ಗೌರಿ-ಗಣೇಶ ಹಬ್ಬ ಪ್ರತಿವರ್ಷ ಒಂದೇ ತಾರೀಖಿಗೆ ಬರುವುದಿಲ್ಲ. 2023ರಲ್ಲಿ ಚೌತಿ ಸೆಪ್ಟೆಂಬರ್ 18ಕ್ಕೆ ಬಂತು, 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ. ಎರಡೇ ವರ್ಷದಲ್ಲಿ ಮೂರು ವಾರ ಹಿಂದೆ ಸರಿಯಿತು. ಮಲೆನಾಡಿನ ಅಂಗಳದಲ್ಲಿ ಡೇರೆ ಬೆಳೆಸುವ ಹೆಂಗಸರಿಗೆ ಇದರ ಪರಿಣಾಮ ಚೆನ್ನಾಗಿ ಗೊತ್ತು. ಹಬ್ಬ ತಡವಾದ ವರ್ಷ ಗಣಪತಿಯ ಮುಂದೆ ಅಂಗೈಗಿಂತ ಅಗಲದ ಡೇರೆ ಕೂರುತ್ತದೆ. ಬೇಗ ಬಂದ ವರ್ಷ ಎಷ್ಟೋ ಗಿಡಗಳಲ್ಲಿ ಇನ್ನೂ ಮೊಗ್ಗು. ಗಿಡಕ್ಕೆ ಗೊಬ್ಬರ ಕಡಿಮೆಯಾಯಿತೇನೋ ಎಂದು ಮನೆಯವರು ಪೇಚಾಡುತ್ತಾರೆ. ಗಿಡ ಮಾತ್ರ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ನಡೆಯುತ್ತಿರುತ್ತದೆ.

ನಮ್ಮ ಹಬ್ಬಗಳಲ್ಲಿ ಬಹುಪಾಲು ಚಂದ್ರನ ಲೆಕ್ಕದವು. ಚಾಂದ್ರಮಾನ ವರ್ಷಕ್ಕೆ 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಆದ್ದರಿಂದ ಹಬ್ಬ ವರ್ಷವರ್ಷವೂ ಹಿಂದೆ ಸರಿಯುತ್ತ ಹೋಗಿ, ಅಧಿಕಮಾಸ ಬಂದಾಗ ಒಮ್ಮೆಗೇ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದಲೇ ಆ ವರ್ಷದ ಚೌತಿ ಅಷ್ಟು ತಡ. ಆದರೆ ನಮ್ಮ ರೈತರ ಮಳೆಯ ಲೆಕ್ಕ ಬೇರೆ. ರೋಹಿಣಿ ಮಳೆ ಮೇ ಕೊನೆಯ ವಾರ, ಮೃಗಶಿರ ಜೂನ್ ಮೊದಲ ವಾರ ದಾಟಿದ ಮೇಲೆ, ಆರಿದ್ರಾ ಜೂನ್ 21-22ರ ಸುಮಾರಿಗೆ. ಇವು ಪ್ರತಿವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಹುಟ್ಟುತ್ತವೆ. ಯಾಕೆಂದರೆ ಇವು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ ನಿಂತವು. ಒಂದೊಂದು ಮಳೆಗೂ 13-14 ದಿನ. ದೇವರ ಕೋಣೆ ಚಂದ್ರನನ್ನು ನೋಡಿದರೆ ಹೊಲ ಸೂರ್ಯನನ್ನು ನೋಡುತ್ತದೆ. ಅಂಗಳದ ಹೂಗಿಡ ಹೊಲದ ಕಡೆಯದು.

ಗಿಡಕ್ಕೆ ಆಕಾಶ ಓದಲು ಬರುವುದಿಲ್ಲ, ನಿಜ. ಆದರೆ ಸೂರ್ಯ ಬದಲಾಯಿಸುವ ಮೂರು ಸಂಗತಿಗಳು ಅದಕ್ಕೆ ತಿಳಿಯುತ್ತವೆ: ರಾತ್ರಿಯ ಉದ್ದ, ಬಿಸಿಲು-ಚಳಿಯ ಏರಿಳಿತ, ಮಳೆಯ ಬರವು. ಒಂದೊಂದು ಹೂವು ಈ ಮೂರರಲ್ಲಿ ಒಂದನ್ನು ಮುಖ್ಯವಾಗಿ ನಂಬುತ್ತದೆ. ಮನೆಯ ಕೈತೋಟದಲ್ಲಿ ಯಾವ ಗಿಡ ಯಾವುದನ್ನು ನಂಬಿದೆ ಎಂದು ತಿಳಿದುಕೊಂಡರೆ ಹೂ ನೋಡುವ ಸಂತೋಷ ಇಮ್ಮಡಿಯಾಗುತ್ತದೆ. ಗಿಡ ಸೊಂಪಾಗಿದೆ, ಹೂ ಮಾತ್ರ ಬಿಡುತ್ತಿಲ್ಲ ಎಂಬ ದೂರಿಗೆ ಉತ್ತರವೂ ಹೆಚ್ಚಿನ ಸಲ ಅಲ್ಲಿಯೇ ಸಿಗುತ್ತದೆ.

ಕತ್ತಲೆಯ ಲೆಕ್ಕ

ಈ ವಿದ್ಯೆಯ ಮೊದಲ ಸುಳಿವು ಸಿಕ್ಕಿದ್ದು ಹೂವಿನಿಂದಲ್ಲ, ತಂಬಾಕಿನಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕಿನ ತಳಿ ಬೆಳೆಸುತ್ತಿದ್ದರು. ಬೇಸಿಗೆಯಲ್ಲಿ ಅದು ಆಳೆತ್ತರ ದಾಟಿ ಬೆಳೆಯುತ್ತಿತ್ತು, ಹೂ ಮಾತ್ರ ಇಲ್ಲ. ಅದೇ ಗಿಡವನ್ನು ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿಟ್ಟರೆ ಚಿಕ್ಕದಿರುವಾಗಲೇ ಹೂ ಬಿಡುತ್ತಿತ್ತು. ಗೊಬ್ಬರ, ತೇವ, ಉಷ್ಣತೆ ಎಲ್ಲವನ್ನೂ ಬದಲಿಸಿ ನೋಡಿದರು, ಯಾವುದೂ ಕಾರಣವಾಗಿ ಕಾಣಲಿಲ್ಲ. ಕೊನೆಗೆ 1918ರ ಬೇಸಿಗೆಯಲ್ಲಿ ಬೆಳಕು ನುಸುಳದ ಒಂದು ಪುಟ್ಟ ಗೂಡು ಕಟ್ಟಿ, ಕುಂಡಗಳನ್ನು ಸಂಜೆಯಾಗುವ ಮೊದಲೇ ಒಳಗಿಟ್ಟು, ಬೆಳಗ್ಗೆ ತಡವಾಗಿ ಹೊರಗೆ ತರತೊಡಗಿದರು. ಹಗಲು ಗಿಡ್ಡವಾದ ಗಿಡಗಳು ಹೂ ಬಿಟ್ಟವು. 1920ರಲ್ಲಿ ಅವರು ಈ ಫಲಿತಾಂಶ ಪ್ರಕಟಿಸಿದ ಮೇಲೆ, ಗಿಡಗಳು ದಿನದ ಉದ್ದವನ್ನು ಅಳೆಯುತ್ತವೆ ಎಂಬ ಮಾತಿಗೆ ಪುರಾವೆ ಸಿಕ್ಕಂತಾಯಿತು. ಆ ಪ್ರಯೋಗ ನಡೆದ ಆರ್ಲಿಂಗ್‌ಟನ್ ತೋಟದ ಜಾಗದಲ್ಲಿ ಈಗ ಅಮೆರಿಕದ ಸೇನಾ ಕಚೇರಿ ಪೆಂಟಗನ್ ನಿಂತಿದೆ.

ಆದರೆ ಅಳತೆ ಹಗಲಿನದೋ, ರಾತ್ರಿಯದೋ? 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇದನ್ನು ಬಿಡಿಸಿದರು. ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಕಳೆಗಿಡವೊಂದನ್ನು ಅವರು ಆರಿಸಿಕೊಂಡರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಏನೂ ಅನ್ನಿಸಲಿಲ್ಲ. ರಾತ್ರಿಯ ನಡುವೆ ಕೆಲವೇ ನಿಮಿಷ ದೀಪ ಹಚ್ಚಿದರೆ ಹೂ ಬಿಡುವುದೇ ನಿಂತಿತು. ಹಾಗಾದರೆ ಗಿಡ ಎಣಿಸುವುದು ಒಂದೇ ಸಮನೆ ಕವಿದಿರುವ ಕತ್ತಲೆಯನ್ನು.

ನಮ್ಮ ಮನೆಗಳಲ್ಲಿ ಈ ಲೆಕ್ಕದ ಗಿಡ ಸೇವಂತಿಗೆ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರ್ ಕೊನೆಯ ಹಗಲು ಹನ್ನೊಂದೂವರೆ ಗಂಟೆಗೆ ತುಸು ಕಡಿಮೆ. ಇಡೀ ವರ್ಷದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಲಂಡನ್ನಿನಲ್ಲಿ ಈ ವ್ಯತ್ಯಾಸ ಎಂಟು ಗಂಟೆ ದಾಟುತ್ತದೆ. ನಮಗೆ ಲಕ್ಷ್ಯಕ್ಕೂ ಬಾರದ ಈ ಒಂದೂವರೆ ಗಂಟೆಯ ಹಿಗ್ಗು-ಕುಗ್ಗನ್ನು ಸೇವಂತಿಗೆ ಗುರುತಿಸುತ್ತದೆ. ಆಗಸ್ಟ್ ಕಳೆದು ರಾತ್ರಿ ಉದ್ದವಾಗುತ್ತ ಹೋದಂತೆ, ಅಲ್ಲಿಯವರೆಗೆ ಎಲೆಯನ್ನಷ್ಟೇ ಹುಟ್ಟಿಸುತ್ತಿದ್ದ ಕುಡಿ ಮೊಗ್ಗು ಕಟ್ಟಲು ಶುರುಮಾಡುತ್ತದೆ. ದಸರೆಯಿಂದ ಸಂಕ್ರಾಂತಿಯವರೆಗೆ ಮಾರುಕಟ್ಟೆ ತುಂಬ ಸೇವಂತಿಗೆ ಕಾಣುವುದು ಇದರಿಂದ. ಜಡೆಗೆ ಮುಡಿಯುವ ಡಿಸೆಂಬರ್ ಹೂವು ಮೈತುಂಬ ಬಿಡುವುದೂ ರಾತ್ರಿ ಉದ್ದವಾದ ಈ ದಿನಗಳಲ್ಲೇ. ಹೊಸವರ್ಷದ ಹೊತ್ತಿಗೆ ತುದಿಯ ಎಲೆಗಳನ್ನೆಲ್ಲ ಕೆಂಪು ಮಾಡಿಕೊಳ್ಳುವ ಪಾಯಿನ್ಸೆಟಿಯಾದ ಗುಟ್ಟಂತೂ ಕತ್ತಲೆಯ ಲೆಕ್ಕವೇ.

ಕತ್ತಲೆ ತಿಳಿಯಲು ಎಲೆಯಲ್ಲಿ ಫೈಟೋಕ್ರೋಮ್ ಎಂಬ ವರ್ಣದ್ರವ್ಯವಿದೆ. ಇದಕ್ಕೆ ಎರಡು ರೂಪ. ಕೆಂಪು ಬೆಳಕು ಬಿದ್ದರೆ ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲೆಯಲ್ಲಿ ಮೆಲ್ಲಗೆ ಹಳೆಯ ರೂಪಕ್ಕೆ ಮರಳುತ್ತದೆ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್ ಮತ್ತು ಹೆಂಡ್ರಿಕ್ಸ್ 1952ರಲ್ಲಿ ಲೆಟ್ಯೂಸ್ ಸೊಪ್ಪಿನ ಬೀಜದ ಮೇಲೆ ಕೆಂಪು ಬೆಳಕು, ದೂರಕೆಂಪು ಬೆಳಕು ಹಾಯಿಸಿ ಇದರ ಇರವನ್ನು ಸಾಧಿಸಿ ತೋರಿಸಿದರು. ಫೈಟೋಕ್ರೋಮಿನ ಸುದ್ದಿ ಮತ್ತು ಗಿಡದ ಒಳಗಿನ ಇಪ್ಪತ್ತನಾಲ್ಕು ಗಂಟೆಯ ಗಡಿಯಾರ ಎರಡೂ ಕೂಡಿದಾಗ ರಾತ್ರಿಯ ಉದ್ದ ತೀರ್ಮಾನವಾಗುತ್ತದೆ.

ಬೀದಿ ದೀಪದ ಕೆಳಗಿನ ಸೇವಂತಿಗೆ ಕುಂಡಕ್ಕೆ ಏನಾಗುತ್ತದೆ ಎಂಬುದು ಈಗ ಊಹೆಗೆ ಸಿಗುತ್ತದೆ. ಕಾಂಪೌಂಡಿನ ಒಳಗೆ ಎರಡು ಕುಂಡ, ಒಂದೇ ಮಣ್ಣು, ಒಂದೇ ನೀರು. ಒಂದು ಗೋಡೆಯ ಮರೆಯಲ್ಲಿದೆ, ಇನ್ನೊಂದರ ಮೇಲೆ ರಾತ್ರಿಯಿಡೀ ಬೀದಿ ದೀಪ ಬೀಳುತ್ತದೆ. ಮರೆಯಲ್ಲಿರುವುದು ಮೊಗ್ಗು ಬಿಚ್ಚುವಾಗ ದೀಪದ ಬುಡದ್ದು ಎಲೆಯ ಮೇಲೆ ಎಲೆ ಹಾಕುತ್ತ ನಿಲ್ಲಬಹುದು. ಗೊಬ್ಬರ ಹೆಚ್ಚಿಸಿದರೆ ಎಲೆ ಇನ್ನೂ ಹೆಚ್ಚುತ್ತದೆ. ಕುಂಡವನ್ನು ನಾಲ್ಕು ಮಾರು ಆಚೆ, ಕತ್ತಲೆ ಇರುವ ಕಡೆ ಸರಿಸುವುದೇ ಪರಿಹಾರ. ನಮ್ಮ ರೈತರು ಇದೇ ಗುಟ್ಟನ್ನು ತಿರುಗಿಸಿ ಬಳಸುತ್ತಾರೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಸಾಲು ಸಾಲು ಬಲ್ಬು ಉರಿಯುವುದನ್ನು ಕಂಡಿರಬಹುದು. ಅದು ಸೇವಂತಿಗೆ ತೋಟ. ಸಸಿ ಚಿಕ್ಕದಿರುವಾಗಲೇ ಹೂ ಬಿಟ್ಟರೆ ಇಳುವರಿ ಇಲ್ಲ. ಆದ್ದರಿಂದ ಗಿಡ ಬಲಿಯುವವರೆಗೆ ರಾತ್ರಿ ದೀಪ ಹಚ್ಚಿ ಮೊಗ್ಗು ತಡೆಯುತ್ತಾರೆ, ಬೇಕಾದಾಗ ದೀಪ ಆರಿಸುತ್ತಾರೆ.

ಎಲೆ ಕತ್ತಲೆ ಅಳೆಯುತ್ತದೆ, ಮೊಗ್ಗು ಹುಟ್ಟುವುದು ಕುಡಿಯಲ್ಲಿ. ಸುದ್ದಿ ಎಲೆಯಿಂದ ಕುಡಿಗೆ ಹೋಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಮಾಸ್ಕೋದ ಚೈಲಖ್ಯಾನ್ 1930ರ ದಶಕದಲ್ಲಿ ಹಿಡಿದದ್ದು ಸೇವಂತಿಗೆಯನ್ನೇ. ಗಿಡದ ಮೇಲ್ಭಾಗದ ಎಲೆ ಕಿತ್ತು, ಕೆಳಗಿನ ಎಲೆಗಳನ್ನಷ್ಟೇ ಉದ್ದ ರಾತ್ರಿಯಲ್ಲಿಟ್ಟು, ಕುಡಿಯನ್ನು ಗಿಡ್ಡ ರಾತ್ರಿಯಲ್ಲೇ ಇರಿಸಿದರು. ಆದರೂ ಹೂ ಬಂತು. ತಿರುವುಮುರುವು ಮಾಡಿದಾಗ ಬರಲಿಲ್ಲ. ಎಲೆಯಲ್ಲಿ ಯಾವುದೋ ವಸ್ತು ತಯಾರಾಗಿ ಮೇಲಕ್ಕೆ ಹರಿಯುತ್ತಿದೆ ಎಂದು ಅವರು ತರ್ಕಿಸಿ, ಅದಕ್ಕೆ ಫ್ಲೋರಿಜೆನ್ ಎಂದು ಹೆಸರಿಟ್ಟರು. ಆ ವಸ್ತು ಕೈಗೆ ಸಿಗಲು ಸುಮಾರು 70 ವರ್ಷ ಬೇಕಾಯಿತು. 2007ರಲ್ಲಿ ಜರ್ಮನಿಯ ಒಂದು ತಂಡ ಸಾಸಿವೆ ಜಾತಿಯ ಪುಟ್ಟ ಗಿಡವೊಂದರಲ್ಲಿ, ಜಪಾನಿನ ಇನ್ನೊಂದು ತಂಡ ಭತ್ತದಲ್ಲಿ, ಅದು ಎಲೆಯಲ್ಲಿ ಹುಟ್ಟಿ ಕುಡಿಗೆ ಸಾಗುವ ಒಂದು ಚಿಕ್ಕ ಪ್ರೋಟೀನ್ ಎಂದು ತೋರಿಸಿದವು. 2013ರಲ್ಲಿ ಜಪಾನಿನ ವಿಜ್ಞಾನಿಗಳು ಸೇವಂತಿಗೆಯಲ್ಲಿ ಇದಕ್ಕೆ ಎದುರಾಳಿಯಾದ ಇನ್ನೊಂದು ಪ್ರೋಟೀನನ್ನೂ ಗುರುತಿಸಿದರು. ರಾತ್ರಿಯ ನಡುವೆ ಬೆಳಕು ಬಿದ್ದರೆ ಎಲೆ ಇದನ್ನು ತಯಾರಿಸಿ ಕುಡಿಗೆ ಕಳಿಸುತ್ತದೆ, ಮೊಗ್ಗು ತಡೆಯುತ್ತದೆ. ಮೊದಲನೆಯದು ಗಾಡಿಯ ಆಕ್ಸಿಲರೇಟರ್ ಆದರೆ ಎರಡನೆಯದು ಬ್ರೇಕು. ಚಿಕ್ಕಬಳ್ಳಾಪುರದ ಬಲ್ಬು ಒತ್ತುವುದು ಈ ಬ್ರೇಕನ್ನು.

ಇಷ್ಟೆಲ್ಲ ಲೆಕ್ಕ ಹಾಕಿ ಬಿಟ್ಟ ಸೇವಂತಿಗೆಯನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಬೇಕು. ನಡುವೆ ಹಳದಿ ಗುಂಡು ಕಾಣುವ ಒಂಟಿಸುತ್ತಿನ ತಳಿಯಾದರೆ ಒಳ್ಳೆಯದು. ನಾವು ಎಸಳು ಎನ್ನುವ ಒಂದೊಂದೂ ಒಂದು ಪೂರ್ತಿ ಹೂವು. ಮೆತ್ತಗೆ ಕಿತ್ತರೆ ಬುಡದಲ್ಲಿ ಪುಟ್ಟ ಕೊಳವೆ, ಅದರೊಳಗಿಂದ ಎರಡು ತುದಿಯಾಗಿ ಸೀಳಿದ ಹೆಣ್ಣುಭಾಗ ಇಣುಕುತ್ತದೆ. ನಡುವಿನ ಹಳದಿ ಗುಂಡಿನಲ್ಲಿ ನೂರಾರು ಪುಟ್ಟ ಹೂಗಳಿವೆ. ಪ್ರತಿಯೊಂದೂ ಐದು ಹಲ್ಲಿನ ಕೊಳವೆ, ಪ್ರತಿಯೊಂದರಲ್ಲೂ ಗಂಡು-ಹೆಣ್ಣು ಎರಡೂ. ಇವು ಒಟ್ಟಿಗೆ ಅರಳುವುದಿಲ್ಲ. ಅಂಚಿನ ಸುತ್ತು ಮೊದಲು ಬಿಚ್ಚಿ, ದಿನಕ್ಕೆ ಒಂದಿಷ್ಟರಂತೆ ನಡುವಿಗೆ ಸಾಗುತ್ತವೆ. ಸೇವಂತಿಗೆ ಇಷ್ಟು ದಿನ ಬಾಡದೆ ಇರುವುದಕ್ಕೆ ಇದೂ ಒಂದು ಕಾರಣ: ಅದು ಒಂದು ಹೂವಲ್ಲ, ಸರದಿಯಲ್ಲಿ ಅರಳುವ ಹೂವಿನ ಗುಂಪು. ಚೆಂಡುಹೂವು, ಡೇರೆ, ಜೀನಿಯಾ, ಸೂರ್ಯಕಾಂತಿ ಎಲ್ಲ ಇದೇ ಮನೆತನ.

ಬಿಸಿಲಿನ ಹೂವು, ಚಳಿಯ ಹೂವು

ಚಳಿಯಲ್ಲಿ ಸೇವಂತಿಗೆ ಮೆರೆಯುವಾಗ ಮಲ್ಲಿಗೆ ಬಳ್ಳಿ ಸುಮ್ಮನೆ ಕೂತಿರುತ್ತದೆ. ಉಡುಪಿಯ ಶಂಕರಪುರ ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ ಕಟ್ಟಿ ಮಾರುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಚಳಿಗಾಲದಲ್ಲಿ ಅಟ್ಟೆಯ ಬೆಲೆ ಗಗನಕ್ಕೇರಲು ಮದುವೆ, ಕೋಲ, ಜಾತ್ರೆಗಳಷ್ಟೇ ಕಾರಣವಲ್ಲ. ಬಳ್ಳಿಯಲ್ಲಿ ಮೊಗ್ಗೇ ಕಡಿಮೆ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ಚಿಗುರು ಭರದಿಂದ ಒಡೆಯಬೇಕಾದರೆ ಬಿಸುಪು ಬೇಕು. ಅದಕ್ಕೆ ತಿಳಿದವರು ನವೆಂಬರ್-ಡಿಸೆಂಬರಿನಲ್ಲಿ ಬಳ್ಳಿಯನ್ನು ಸವರಿ, ಕೆಲವು ದಿನ ನೀರು ಕಡಿಮೆ ಮಾಡಿ, ಆಮೇಲೆ ಬುಡ ಬಿಡಿಸಿ ಗೊಬ್ಬರ ಕೊಡುತ್ತಾರೆ. ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ಸವರಿದ ಪ್ರತಿ ಗೆಣ್ಣೂ ಚಿಗುರುತ್ತದೆ, ಚಿಗುರಿನ ತುದಿಯಲ್ಲಿ ಮೊಗ್ಗು. ಹೂ ಬಿಡದ ಮಲ್ಲಿಗೆ ಕುಂಡ ಮನೆಯಲ್ಲಿದ್ದರೆ ಕತ್ತರಿಗೆ ಹೆದರಬಾರದು. ಎಳೆ ಚಿಗುರಿಲ್ಲದೆ ಮಲ್ಲಿಗೆಯಿಲ್ಲ.

ಇದಕ್ಕೆ ಎದುರು ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಪ್ಯಾನ್ಸಿಗಳ ಗುಂಪು. ಬೀಜದಿಂದ ಬೀಜಕ್ಕೆ ಒಂದೇ ಋತುವಿನಲ್ಲಿ ಬಾಳು ಮುಗಿಸುವ ಇವಕ್ಕೆ ತಂಪು ಇಷ್ಟ. ಬಯಲುಸೀಮೆಯಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದರೆ ಜನವರಿಗೆ ತುಂಬಿ ನಿಲ್ಲುತ್ತವೆ, ಮಾರ್ಚ್ ಬಿಸಿಲಿಗೆ ಸೊರಗುತ್ತವೆ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಎರಡನ್ನೂ ನೋಡಿದವರು ಸುತ್ತಲಿನ ಪಾತಿಗಳನ್ನು ಹೋಲಿಸಿ ನೋಡಲಿ. ಒಂದೇ ನೆಲದ ಮೇಲೆ ಚಳಿಗಾಲ ಮತ್ತು ಮಳೆಗಾಲ ಬೇರೆ ಬೇರೆ ಹೂವು ಹಾಸಿರುವುದು ಕಾಣುತ್ತದೆ.

ಕೆಲವು ಹೂಗಳಿಗೆ ತಂಪು ಸಾಲದು, ಮೂಳೆ ಕೊರೆಯುವ ಚಳಿಯೇ ವಾರಗಟ್ಟಲೆ ಬೇಕು. ಟ್ಯುಲಿಪ್ ಅಂಥದ್ದು. ಅದರ ಗಡ್ಡೆ ಮೂರು ತಿಂಗಳಷ್ಟು ಕಾಲ ಕೊರೆಯುವ ತಂಪಿನಲ್ಲಿ ಕಳೆದ ಮೇಲೆಯೇ ಒಳಗಿನ ಹೂವು ಕಾಂಡ ಚಾಚುತ್ತದೆ. ಶ್ರೀನಗರಕ್ಕೆ ಆ ಚಳಿ ಪುಕ್ಕಟೆಯಾಗಿ ಸಿಗುತ್ತದೆ. ನಮ್ಮ ನರ್ಸರಿಗಳಲ್ಲಿ ಸಿಗುವ ಟ್ಯುಲಿಪ್ ಗಡ್ಡೆ ಮೊದಲೇ ಶೀತಲ ಕೋಣೆಯಲ್ಲಿ ಚಳಿ ಉಂಡು ಬಂದದ್ದು. ಒಂದು ಸಲ ಹೂ ಕೊಡುತ್ತದೆ, ಮರುವರ್ಷ ಎಲೆಯನ್ನಷ್ಟೇ ಕೊಟ್ಟು ಕ್ಷೀಣಿಸುತ್ತದೆ. ಅದರಲ್ಲಿ ಬೆಳೆಸಿದವರ ತಪ್ಪೇನೂ ಇಲ್ಲ. ನಮ್ಮ ಹವೆಗೆ ಒಗ್ಗಿದ ಗಡ್ಡೆಗಳೇ ಬೇಕಾದಷ್ಟಿವೆ; ಅವು ಕಾಯುವುದು ಚಳಿಗಲ್ಲ, ಮಳೆಗೆ.

ಬಾಯಾರಿಕೆಯ ನಂತರ

ಏಪ್ರಿಲ್ ಪೂರ್ತಿ ಒಣಗಿ ಬಿರುಕುಬಿಟ್ಟ ಪಾತಿಯಲ್ಲಿ ರೈನ್ ಲಿಲ್ಲಿಯ ಸುಳಿವೇ ಇರುವುದಿಲ್ಲ, ಇದ್ದರೆ ನಾಲ್ಕು ಹುಲ್ಲಿನಂಥ ಎಲೆ. ಭರಣಿಯೋ ಕೃತ್ತಿಕೆಯೋ ಒಂದು ಸಂಜೆ ಗುಡುಗಿ ಸುರಿಯುತ್ತದೆ. ಮೂರು-ನಾಲ್ಕು ದಿನ ಕಳೆದ ಮೇಲೆ ಬೆಳಗ್ಗೆ ಬಾಗಿಲು ತೆರೆದರೆ ಪಾತಿಯ ತುಂಬ ಗುಲಾಬಿ ಬಣ್ಣದ ಹೂವು. ಒಂದನ್ನು ಕಿತ್ತು ನೋಡಿ. ದಂಟು ಟೊಳ್ಳು, ಅದರ ತುದಿಗೆ ಒಂದೇ ಹೂವು. ದಳ ಆರು: ಮೂರು ಹೊರಗೆ, ಮೂರು ಒಳಗೆ. ನಡುವೆ ಆರು ಕೇಸರ. ಸಂಜೆಗೆ ಮುಚ್ಚುತ್ತದೆ, ಮರುದಿನ ಬಿಸಿಲಿಗೆ ಮತ್ತೆ ತೆರೆಯುತ್ತದೆ, ಎರಡು ಮೂರು ದಿನದಲ್ಲಿ ಮುಗಿಯಿತು. ಇಷ್ಟು ಬೇಗ ಹೂವು ಎಲ್ಲಿಂದ ಬಂತು? ಅದು ಗಡ್ಡೆಯೊಳಗೆ ಮೊದಲೇ ತಯಾರಾಗಿತ್ತು. ದಿನಾ ಒಂದಿಷ್ಟು ನೀರು ಕುಡಿಯುತ್ತಿದ್ದ ಪಾತಿಯಲ್ಲಿ ಹೀಗೆ ಒಟ್ಟಿಗೆ ಅರಳುವುದಿಲ್ಲ. ಮೊದಲು ಬಾಯಾರಿಕೆ, ಅದರ ಮೇಲೆ ಬುಡ ತೊಯ್ಯುವಷ್ಟು ನೀರು, ಈ ಕ್ರಮದಲ್ಲೇ ಬಂದರೆ ಗಿಡಕ್ಕೆ ಸೂಚನೆ ತಲುಪುತ್ತದೆ.

ಇದೇ ನಿಯಮ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುವುದನ್ನು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಣಬಹುದು. ಕಾಫಿಯ ಮೊಗ್ಗು ಕೆಲವೇ ಮಿಲಿಮೀಟರ್ ಬೆಳೆದು ನಿಂತುಬಿಡುತ್ತದೆ. ಜನವರಿ-ಫೆಬ್ರವರಿಯ ಒಣಹವೆ ಅದನ್ನು ಎಚ್ಚರಗೊಳ್ಳಲು ಸಿದ್ಧ ಮಾಡುತ್ತದೆ. ಆಮೇಲೆ ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಇಡೀ ಬೆಟ್ಟ ಬೆಳ್ಳಗಾಗುತ್ತದೆ. ಬೆಳೆಗಾರರು ಇದನ್ನು ಹೂಮಳೆ ಎನ್ನುತ್ತಾರೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಅದೇ ಕೆಲಸ ಮಾಡಿಸುತ್ತಾರೆ. ಎಲ್ಲ ಗಿಡವೂ ಒಟ್ಟಿಗೆ ಅರಳಿದರೆ ಜೇನಿಗೂ ಗಾಳಿಗೂ ಪರಾಗ ಸಾಗಿಸುವುದು ಸುಲಭ, ಕಾಯಿ ಒಟ್ಟಿಗೆ ಹಣ್ಣಾಗುತ್ತದೆ.

ಮಳೆಯ ಸುದ್ದಿಗೆ ಕಿವಿಗೊಡುವ ಹೂಗಳು ಮನೆಯಂಗಳದಲ್ಲಿ ಇನ್ನೂ ಇವೆ. ಚಳಿಗಾಲವೆಲ್ಲ ನೆಲದೊಳಗೆ ಮಲಗಿದ್ದು ಮುಂಗಾರಿನ ಮೊದಲ ಹನಿಗಳಿಗೆ ಕೆಂಪು ಗೋಳವಾಗಿ ಏಳುವ ಮೇ ಫ್ಲವರ್ ಗಡ್ಡೆ ಆಫ್ರಿಕದ್ದು. ಒಣಕಾಲ ಮುಗಿದು ಮಳೆ ಬರುವಾಗ ಏಳುವುದು ಅಲ್ಲಿಯ ಅಭ್ಯಾಸ, ನಮ್ಮಲ್ಲಿಯೂ ಅದಕ್ಕೆ ಅದೇ ಸಿಕ್ಕಿತು. ಬೇಲಿಯಲ್ಲಿ ಎಲೆಯ ತುದಿಯನ್ನೇ ಕುಡಿಬಳ್ಳಿ ಮಾಡಿಕೊಂಡು ಹತ್ತುವ ಗೌರಿ ಹೂವು ನಮ್ಮ ನಾಡಿನದೇ. ಮಳೆಗಾಲದ ನಡುವೆ ಹಳದಿ-ಕೆಂಪು ಜ್ವಾಲೆ ಹೊತ್ತು ನಿಲ್ಲುತ್ತದೆ. ಇದರ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಕಡುವಿಷವಿದೆ, ಮಕ್ಕಳಿರುವ ಮನೆಯಲ್ಲಿ ಎಚ್ಚರ ಬೇಕು. ಡೇರೆ, ಚೆಂಡುಹೂವು, ಜೀನಿಯಾ ಮೂರೂ ಮೆಕ್ಸಿಕೋ ಕಡೆಯವು. ಡೇರೆ ಅಲ್ಲಿಯ ರಾಷ್ಟ್ರಪುಷ್ಪ. ಮಳೆಗಾಲದ ತಂಪು, ಎತ್ತರದ ನೆಲ ಕಂಡದ್ದರಿಂದ ಅದು ಮಲೆನಾಡಿಗೆ ಒಗ್ಗಿತು. ಹಗಲು ಕುಗ್ಗುತ್ತಿದ್ದಂತೆ ಡೇರೆ ಬುಡದಲ್ಲಿ ಗಡ್ಡೆ ತುಂಬಿಕೊಂಡು ಒಣಕಾಲಕ್ಕೆ ಅಣಿಯಾಗುತ್ತದೆ. ಹೂ ಮುಗಿದ ಕೂಡಲೇ ಗಿಡ ಕಿತ್ತೆಸೆಯದೆ ದಂಟು ಒಣಗುವವರೆಗೆ ಬಿಡಬೇಕೆಂದು ಹಿರಿಯರು ಹೇಳುವುದಕ್ಕೆ ಕಾರಣ ಇದು.

ತಾರಸಿಯ ಮೇಲಿನ ಕಾಗದದ ಹೂವಿಗೂ ಬಾಯಾರಿಕೆಯ ಪಾಠವೇ. ದಿನಾ ನೀರೆರೆದರೆ ಬಳ್ಳಿ ಹಸಿರಾಗಿ ಹಬ್ಬುತ್ತದೆ, ಬಣ್ಣ ಇರುವುದಿಲ್ಲ. ಎಲೆ ತುಸು ಜೋತುಬೀಳುವವರೆಗೆ ಕಾದು ನೀರು ಕೊಟ್ಟರೆ ಬಣ್ಣ ತುಂಬುತ್ತದೆ. ಆ ಬಣ್ಣದ್ದು ಹೂವಲ್ಲ, ರೂಪ ಬದಲಿಸಿದ ಎಲೆ. ನಿಜವಾದ ಹೂವು ಅದರ ನಡುವೆ ನಿಂತಿರುವ ಬಿಳಿಯ ಸಣ್ಣ ಕೊಳವೆ.

ದಿನದೊಳಗಿನ ಋತು

ವರ್ಷದ ಲೆಕ್ಕದಂತೆ ದಿನದ ಲೆಕ್ಕವೂ ಹೂವಿಗಿದೆ. ದಾಸವಾಳ ಬೆಳಗ್ಗೆ ಬಿಚ್ಚಿ ಸಂಜೆಗೆ ಮುದುಡುತ್ತದೆ. ಟೇಬಲ್ ರೋಸ್ ಬಿಸಿಲೇರಿದ ಮೇಲೆ ತೆರೆಯುತ್ತದೆ. ಸಂಜೆಮಲ್ಲಿಗೆ ನಾಲ್ಕು ಗಂಟೆಯ ಮೇಲೆ. ಪಾರಿಜಾತ ಕತ್ತಲಾದ ಮೇಲೆ ಅರಳಿ ಬೆಳಕು ಹರಿಯುವ ಮುನ್ನ ಉದುರುತ್ತದೆ. ಸ್ವೀಡನ್ನಿನ ಲಿನೇಯಸ್ 1751ರಲ್ಲಿ ಯಾವ ಹೂವು ಯಾವ ಗಂಟೆಗೆ ತೆರೆದು ಯಾವಾಗ ಮುಚ್ಚುತ್ತದೆ ಎಂಬುದರ ಪಟ್ಟಿ ಮಾಡಿ ಹೂವಿನ ಗಡಿಯಾರದ ಕಲ್ಪನೆ ಕೊಟ್ಟ. ಅದಕ್ಕೂ ಮೊದಲು, 1729ರಲ್ಲಿ, ಫ್ರಾನ್ಸಿನ ದ ಮೇರಾನ್ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದ್ದ. ಬಿಸಿಲು ಕಾಣದಿದ್ದರೂ ಅದರ ಎಲೆ ಹಗಲು ಬಿಚ್ಚಿ ರಾತ್ರಿ ಮಡಿಚುತ್ತಿತ್ತು. ಜೀವಿಗಳ ಒಳಗೇ ಗಡಿಯಾರವಿದೆ ಎಂಬುದಕ್ಕೆ ಅದು ಮೊದಲ ಸಾಕ್ಷಿ. ಅಂಥ ಗಡಿಯಾರ ಜೀವಕೋಶದೊಳಗೆ ನಡೆಯುವ ಬಗೆಯನ್ನು ನೊಣಗಳಲ್ಲಿ ಬಿಡಿಸಿದ ಮೂವರಿಗೆ 2017ರ ನೊಬೆಲ್ ಸಂದಿತು.

ರಾತ್ರಿ ಅರಳುವ ಹೂಗಳಲ್ಲಿ ಹೆಚ್ಚಿನವು ಬೆಳ್ಳಗಿರುವುದಕ್ಕೂ ಘಮಘಮಿಸುವುದಕ್ಕೂ ಕಾರಣ ಅವುಗಳ ಅತಿಥಿಗಳು. ಕತ್ತಲೆಯಲ್ಲಿ ಹಾರುವ ಪತಂಗಕ್ಕೆ ಬಣ್ಣಕ್ಕಿಂತ ವಾಸನೆ ದೂರದಿಂದ ಸಿಗುತ್ತದೆ. ಮಲ್ಲಿಗೆ ಮೊಗ್ಗನ್ನು ಬೆಳಗ್ಗೆ ಮೂಸಿದರೆ ಹೆಚ್ಚೇನೂ ಇಲ್ಲ. ಸಂಜೆ ಬಿಚ್ಚುವ ಹೊತ್ತಿಗೆ ಎಸಳು ಪರಿಮಳ ತಯಾರಿಸತೊಡಗುತ್ತದೆ. ಹೂವಾಡಗಿತ್ತಿಯರು ನಸುಕಿನಲ್ಲೇ ಮೊಗ್ಗು ಬಿಡಿಸಿ ಕಟ್ಟುವುದರಿಂದ ಆ ಪರಿಮಳ ಮುಡಿದವರ ಮನೆಯಲ್ಲಿ ಹೊರಬರುತ್ತದೆ. ಪಾರಿಜಾತದ ಕೇಸರಿ ತೊಟ್ಟಿನಲ್ಲಿರುವುದು ಕಾಶ್ಮೀರದ ಕೇಸರಿಗೆ ಬಣ್ಣ ಕೊಡುವ ವಸ್ತುವಿನ ಬಳಗದ್ದೇ. ನೆಲದ ಮೇಲೆ ಬಿದ್ದ ಹೂ ಆಯ್ದು ತೊಟ್ಟನ್ನು ಬಿಸಿನೀರಿನಲ್ಲಿ ಅದ್ದಿದರೆ ಬಣ್ಣ ಇಳಿಯುವುದನ್ನು ಮಕ್ಕಳಿಗೆ ತೋರಿಸಬಹುದು.

ಮಳೆಗಾಲದಲ್ಲಿ ಅಕ್ಕಪಕ್ಕದವರನ್ನೆಲ್ಲ ಕರೆದು ಕಾಯುವ ಹೂವೆಂದರೆ ಬ್ರಹ್ಮಕಮಲ. ಉತ್ತರಾಖಂಡದ ಹಿಮಾಲಯದಲ್ಲಿ ಅದೇ ಹೆಸರಿನ ಹೂವು ಬೇರೆಯೇ ಜಾತಿ. ನಮ್ಮ ಕುಂಡದ್ದು ಮೆಕ್ಸಿಕೋ ಸೀಮೆಯ ಕಾಡಿನ ಪಾಪಾಸುಕಳ್ಳಿ. ನಾವು ಎಲೆ ಎನ್ನುವುದು ಅದರ ಚಪ್ಪಟೆ ಕಾಂಡ. ಅಂಚಿನ ಕಚ್ಚಿನಲ್ಲಿ ಮೊಗ್ಗು ಹುಟ್ಟುವುದನ್ನು ನೋಡಿದರೆ ಇದು ಖಾತ್ರಿಯಾಗುತ್ತದೆ. ಜೋತು ನಿಂತ ಮೊಗ್ಗು ಮೇಲಕ್ಕೆ ಬಾಗಿದರೆ ಅರಳುವ ರಾತ್ರಿ ಹತ್ತಿರ ಬಂತೆಂದು ತಿಳಿಯಬೇಕು. ಎಂಟು-ಒಂಬತ್ತು ಗಂಟೆಗೆ ಬಿಚ್ಚಲು ಶುರುವಾಗಿ ನಡುರಾತ್ರಿಯ ಹೊತ್ತಿಗೆ ಪೂರ್ತಿ ತೆರೆಯುತ್ತದೆ, ಬೆಳಗಾಗುವುದರೊಳಗೆ ಸೊರಗುತ್ತದೆ. ಒಂದೇ ರಾತ್ರಿಯಲ್ಲಿ ದೊಡ್ಡ ಪತಂಗಗಳನ್ನು ಕರೆಯಬೇಕಾದ ಹೂವು ತನ್ನ ಶಕ್ತಿಯನ್ನೆಲ್ಲ ಆ ಕೆಲವು ಗಂಟೆಗಳ ಮೇಲೆಯೇ ಖರ್ಚು ಮಾಡುತ್ತದೆ.

ಬರೆದಿಡುವ ಕೆಲಸ

ಹೂವಿನ ಕಾಲವನ್ನು ನೋಡಿ ಸಂತೋಷಪಡುವುದರ ಜೊತೆಗೆ ಬರೆದಿಟ್ಟವರಿಂದ ಜಗತ್ತಿಗೆ ದೊಡ್ಡ ಉಪಕಾರವಾಗಿದೆ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವು ತುಂಬಿ ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. ಅರಮನೆಯವರು, ಸನ್ಯಾಸಿಗಳು ತಮ್ಮ ದಿನಚರಿಯಲ್ಲಿ ಬರೆದದ್ದನ್ನು ಯಸುಯುಕಿ ಅವೋನೋ ಎಂಬ ವಿಜ್ಞಾನಿ ಒಟ್ಟುಮಾಡಿದರು. 2021ರಲ್ಲಿ ಆ ಹೂವು ಮಾರ್ಚ್ 26ಕ್ಕೇ ತುಂಬಿ ಅರಳಿತು. 1,200 ವರ್ಷದ ದಾಖಲೆಯಲ್ಲಿ ಅದಕ್ಕೆ ಮೊದಲು ಎಂದೂ ಅದು ಅಷ್ಟು ಬೇಗ ಅರಳಿರಲಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂಬ ಮಾತಿಗೆ ಹೂವೇ ಸಹಿ ಹಾಕಿದಂತಾಯಿತು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಲ್ಲಿ ಮೊದಲ ಹೂವು, ಮೊದಲ ಚಿಗುರು, ಮೊದಲ ಕಪ್ಪೆಯ ಕೂಗುಗಳ ತಾರೀಖು ಬರೆಯತೊಡಗಿದ. ಅವನ ಮನೆಯವರು ತಲೆಮಾರಿನಿಂದ ತಲೆಮಾರಿಗೆ 1958ರವರೆಗೂ ಅದನ್ನು ನಡೆಸಿಕೊಂಡು ಬಂದರು. ಹವಾಮಾನ ವಿಜ್ಞಾನಿಗಳು ಇಂದಿಗೂ ಆ ಪುಟಗಳನ್ನು ಬಳಸುತ್ತಾರೆ.

ನಮ್ಮಲ್ಲಿ ಮರಗಳ ಚಿಗುರು, ಹೂವು, ಕಾಯಿಗಳನ್ನು ಜನಸಾಮಾನ್ಯರೇ ಗಮನಿಸಿ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆ ನಡೆಯುತ್ತಿದೆ. ಶಾಲೆಯ ಮಕ್ಕಳೂ ಅದರಲ್ಲಿ ಕೈಗೂಡಿಸಿದ್ದಾರೆ. ಆದರೆ ಮನೆಯಂಗಳದ ಮಲ್ಲಿಗೆ, ಡೇರೆ, ಪಾರಿಜಾತ, ರೈನ್ ಲಿಲ್ಲಿಗಳ ಲೆಕ್ಕ ಇಡಬೇಕಾದವರು ಆ ಮನೆಯವರೇ. ನಮ್ಮ ಅಜ್ಜಿ-ತಾಯಂದಿರು ಈ ಕಾಲಗಳನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದರು. ಬರೆದಿಟ್ಟಿದ್ದರೆ ಇಂದು ಹೋಲಿಸಿ ನೋಡಲು ನಮಗೊಂದು ದೊಡ್ಡ ಆಸ್ತಿ ಇರುತ್ತಿತ್ತು.

ಕೆಲಸ ಕಷ್ಟದ್ದಲ್ಲ. ಮನೆಯ ಕ್ಯಾಲೆಂಡರಿನ ಚೌಕದಲ್ಲೇ ಬರೆಯಬಹುದು. ಗಿಡದ ಹೆಸರು, ಮೊದಲ ಮೊಗ್ಗು ಕಂಡ ದಿನ, ಮೊದಲ ಹೂವು ಬಿಚ್ಚಿದ ದಿನ, ಹೂ ಮುಗಿದ ದಿನ. ಜೊತೆಗೆ ಮೂರು ವಿಷಯ: ಅದಕ್ಕೆ ಮೊದಲು ಮಳೆ ಬಿದ್ದದ್ದು ಯಾವತ್ತು, ಗಿಡ ಸವರಿದ್ದು ಯಾವತ್ತು, ರಾತ್ರಿ ಅದರ ಮೇಲೆ ದೀಪ ಬೀಳುತ್ತದೆಯೇ ಇಲ್ಲವೇ. ಅದೇ ಗಿಡ, ಅದೇ ಜಾಗ, ವರ್ಷವರ್ಷವೂ. ಎರಡು ವರ್ಷಕ್ಕೆ ಗಿಡದ ಸ್ವಭಾವ ತಿಳಿಯುತ್ತದೆ, ಹತ್ತು ವರ್ಷಕ್ಕೆ ನಿಮ್ಮ ಊರಿನ ಹವೆ ಎತ್ತ ಸಾಗುತ್ತಿದೆ ಎಂಬ ಸುಳಿವು ಸಿಗುತ್ತದೆ. ಮಾರ್ಷಮ್ ಮನೆತನ ಮಾಡಿದ್ದು ಇದಕ್ಕಿಂತ ಹೆಚ್ಚೇನೂ ಅಲ್ಲ. ಒಂದು ಗಿಡ ಆರಿಸಿಕೊಳ್ಳಿ, ಇವತ್ತಿನ ತಾರೀಖು ಹಾಕಿ, ಶುರುಮಾಡಿ.